ಅಲಿಯಾ ಮಾಡಿ ಇಸ್ರೇಲಿಗೆ ಹೋಗೋ ಹುಡುಗಿ ಡಿಗ್ರಿ ಇಲ್ಲೇ ಮುಗಿಸ್ಬೇಕಾ, ಅಲ್ಲಿ ಹೋಗಿ ಓದ್ಬೇಕಾ?

ನೀವು ಕೇಳಿರೋದು ಇಷ್ಟು: ಬೆಂಗಳೂರಲ್ಲಿ ನಿಮ್ಮ ಪಕ್ಕದ ಮನೇಲಿರೋ ಬೆನೆ ಇಸ್ರೇಲ್ (ಮಹಾರಾಷ್ಟ್ರ ಮೂಲದ ಯಹೂದಿ ಸಮುದಾಯ) ಕುಟುಂಬದ ಹುಡುಗಿಗೆ 20 ವರ್ಷ, ಬಿಎಸ್ಸಿ ಬಯೋಟೆಕ್ ಎರಡನೇ ವರ್ಷ ಮುಗಿದಿದೆ, ಅಲಿಯಾ ಮಾಡ್ತೀನಿ, ಅಂದ್ರೆ ಯಹೂದಿಯಾಗಿ ಇಸ್ರೇಲಿಗೆ ವಲಸೆ ಹೋಗಿ ನೆಲೆಸ್ತೀನಿ, ಅಂತ ಗಟ್ಟಿ ಮನಸ್ಸು ಮಾಡಿದ್ದಾಳೆ. ಈಗಲೇ ಕಾಲೇಜ್ ಬಿಟ್ಟು ಹೋಗಿ ಅಲ್ಲಿ ಮೊದಲಿಂದ ಓದೋದು ಒಳ್ಳೇದಾ, ಮುಗಿಸ್ಕೊಂಡು ಹೋಗೋದು ಒಳ್ಳೇದಾ, ಅಲ್ಲಿ ಎಲ್ಲಾ ಫ್ರೀ ಅಂತಾರಲ್ಲ ಅದು ನಿಜಾನಾ, ಇಂಗ್ಲಿಷ್‌ನಲ್ಲಿ ಓದಬಹುದಾ.

ನಾನು ಯಹೂದಿ ಅಲ್ಲ, ಶಿವಮೊಗ್ಗ ಕಡೆಯವನು. ಬೀರ್‌ಶೆಬಾದ ಬೆನ್ ಗುರಿಯನ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡಿದ್ದು, ಅಲ್ಲಿದ್ದಷ್ಟು ಕಾಲ ನನ್ನ ಜೊತೆ ಫ್ಲಾಟ್ ಶೇರ್ ಮಾಡ್ಕೊಂಡಿದ್ದೋರು ಜಾಸ್ತಿ ಓಲಿಮ್, ಅಂದ್ರೆ ಹೊಸದಾಗಿ ವಲಸೆ ಬಂದ ಯಹೂದಿ ಹುಡುಗ ಹುಡುಗಿಯರೇ. ಅವರ ಫಾರಂ, ಅವರ ಪರೀಕ್ಷೆ, ಅವರ ಬೇಜಾರು ಎಲ್ಲಾ ಹತ್ರದಿಂದ ನೋಡಿದೀನಿ. ಅದರ ಮೇಲೆ ಹೇಳ್ತೀನಿ: ಆ ಹುಡುಗಿ ಇನ್ನೊಂದು ವರ್ಷ ತಡೆದು ಡಿಗ್ರಿ ಇಲ್ಲೇ ಮುಗಿಸ್ಲಿ, ಆ ವರ್ಷದಲ್ಲಿ ಹೀಬ್ರೂ ಕಲೀಲಿ, ಅಲ್ಲಿಗೆ ಹೋಗಿ ಮಾಸ್ಟರ್ಸ್ ಮಾಡ್ಲಿ.

ಯಾಕೆ ಅಂತ ಹೇಳ್ತೀನಿ. ಮೊದಲು ದುಡ್ಡಿನ ವಿಷಯ, ಎಲ್ಲರಿಗೂ ಅದೇ ತಲೇಲಿರತ್ತೆ. ಅಲ್ಲಿ ಸ್ಟೂಡೆಂಟ್ ಅಥಾರಿಟಿ ಅಂತ ಒಂದಿದೆ, ಹೀಬ್ರೂನಲ್ಲಿ ಮಿನ್ಹಾಲ್ ಹಸ್ಟುಡೆಂಟಿಮ್ ಅಂತಾರೆ, ಅಲಿಯಾ ಇಲಾಖೆ ಮತ್ತೆ ಯಹೂದಿಗಳ ವಲಸೆ ನೋಡ್ಕೊಳ್ಳೋ ಜ್ಯೂಯಿಶ್ ಏಜೆನ್ಸಿ ಸೇರಿ ನಡೆಸೋದು. ಬ್ಯಾಚುಲರ್ಸ್‌ಗೆ ಮೂರು ವರ್ಷ, ಮಾಸ್ಟರ್ಸ್‌ಗೆ ಎರಡು ವರ್ಷದ ಟ್ಯೂಷನ್ ಫೀ ಅವರೇ ನೇರವಾಗಿ ಯೂನಿವರ್ಸಿಟಿಗೆ ಕಟ್ತಾರೆ, ಮೆಖಿನಾ ಅನ್ನೋ ಒಂದು ವರ್ಷದ ಪೂರ್ವ ತಯಾರಿ ಕೋರ್ಸಿಗೂ ಕೊಡ್ತಾರೆ. ಆದ್ರೆ ವಯಸ್ಸಿನ ಮಿತಿ ಇದೆ, ಬ್ಯಾಚುಲರ್ಸ್ ಆದ್ರೆ 27ರೊಳಗೆ, ಮಾಸ್ಟರ್ಸ್ ಆದ್ರೆ 30ರೊಳಗೆ ಶುರು ಮಾಡಿರ್ಬೇಕು, ಮತ್ತೆ ಅಲಿಯಾ ಮಾಡಿದ ದಿನದಿಂದ 36 ತಿಂಗಳೊಳಗೆ ಓದು ಶುರು ಆಗ್ಬೇಕು, ಮಿಲಿಟರಿ ಸೇವೆ ಮಾಡಿದ ಅವಧಿ ಅದರಲ್ಲಿ ಲೆಕ್ಕಕ್ಕೆ ಬರಲ್ಲ. ಈ 36 ತಿಂಗಳು ಅನ್ನೋದನ್ನ ದಯವಿಟ್ಟು ಎಲ್ಲಾದ್ರೂ ಬರೆದಿಟ್ಕೊಳ್ಳಿ. "ಮೊದಲು ಹೋಗಿ ಐಡಿ ಮಾಡಿಸ್ಕೊಂಡು ಬಿಡ್ತೀನಿ, ಆಮೇಲೆ ವಾಪಸ್ ಬಂದು ಡಿಗ್ರಿ ಮುಗಿಸ್ತೀನಿ" ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ, ಅಲಿಯಾ ಆದ ದಿನಾನೇ ಗಡಿಯಾರ ಓಡೋಕೆ ಶುರು ಆಗತ್ತೆ.

ಸರ್ಕಾರಿ ನೆರವಿನ ಯೂನಿವರ್ಸಿಟಿಗಳಲ್ಲಿ ಬ್ಯಾಚುಲರ್ಸ್ ಫೀ ವರ್ಷಕ್ಕೆ ಸುಮಾರು 11,000 ಶೆಕೆಲ್, ಮಾಸ್ಟರ್ಸ್ ಅದಕ್ಕಿಂತ ಒಂದು ಮೂರ್ನಾಲ್ಕು ಸಾವಿರ ಜಾಸ್ತಿ. ಪ್ರೈವೇಟ್ ಆದ್ರೆ, ಹರ್ಜ್‌ಲಿಯಾದ ರೈಖ್‌ಮನ್ ಯೂನಿವರ್ಸಿಟಿ ತರದ್ದು, ಫೀ ತುಂಬಾನೇ ಜಾಸ್ತಿ, ಅಥಾರಿಟಿ ಕೊಡೋದು ಸರ್ಕಾರಿ ಫೀ ಎಷ್ಟೋ ಅಷ್ಟು ಮಾತ್ರ, ಮಿಕ್ಕಿದ್ದು ಮನೆಯೋರು ಹೊಂದಿಸ್ಬೇಕು. ಇಂಗ್ಲಿಷ್‌ನಲ್ಲಿ ಪೂರ್ತಿ ಬ್ಯಾಚುಲರ್ಸ್ ಸಿಗೋ ಜಾಗಗಳಲ್ಲಿ ಅದೂ ಒಂದು ಅನ್ನೋದ್ರಿಂದ ಹೊರಗಿಂದ ಬರೋ ಮಕ್ಕಳು ಅಲ್ಲಿಗೇ ಹೋಗೋಣ ಅಂತ ನೋಡ್ತಾರೆ, ನಮ್ಮ ಕಡೆಯ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಭಾರ.

ಮತ್ತೆ ಟ್ಯೂಷನ್ ಫೀ ಬೇರೆ, ಬದುಕೋ ಖರ್ಚು ಬೇರೆ. ಹೊಸದಾಗಿ ಬಂದೋರಿಗೆ ಸಾಲ್ ಕ್ಲಿತಾ ಅಂತ ಮೊದಲ ಆರೇಳು ತಿಂಗಳು ಸರ್ಕಾರ ದುಡ್ಡು ಕೊಡತ್ತೆ, ಹೆಲ್ತ್ ಇನ್ಶೂರೆನ್ಸ್ ಮೊದಲ ಆರು ತಿಂಗಳು ಉಚಿತ. ಅದು ನಿಂತ ಮೇಲೆ ಬಾಡಿಗೆ, ಊಟ, ಬಸ್ಸು ಎಲ್ಲಾ ತಾನೇ ನೋಡ್ಕೋಬೇಕು, ಟೆಲ್ ಅವಿವ್‌ನಲ್ಲಿ ಬಾಡಿಗೆ ಕೇಳಿದ್ರೆ ಎದೆ ಒಡಿಯತ್ತೆ, ಬೀರ್‌ಶೆಬಾದಲ್ಲಿ ಪರವಾಗಿಲ್ಲ. ನನ್ನ ಜೊತೆ ಇದ್ದ ಓಲಿಮ್ ಎಲ್ಲರೂ ಏನಾದ್ರೊಂದು ಪಾರ್ಟ್ ಟೈಮ್ ಕೆಲಸ ಮಾಡ್ತಿದ್ರು. ಪೆರಾಖ್ ಅಂತ ಒಂದು ಯೋಜನೆ ಇದೆ, 1974ರಲ್ಲಿ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾಗಿದ್ದು, ಕಷ್ಟದಲ್ಲಿರೋ ಮನೆಯ ಒಂದು ಮಗುಗೆ ವರ್ಷವಿಡೀ ಪಾಠ ಹೇಳ್ಕೊಟ್ಟು ಜೊತೆಗಿದ್ರೆ ವಿದ್ಯಾರ್ಥಿಗೆ ಸ್ಕಾಲರ್‌ಶಿಪ್ ಸಿಗತ್ತೆ. ಹೀಬ್ರೂ ಸ್ವಲ್ಪ ಬಂದ ಮೇಲೆ ಖಂಡಿತ ಸೇರ್ಲಿ, ಚಿಕ್ಕ ಮಕ್ಕಳ ಜೊತೆ ಮಾತಾಡಿದಷ್ಟು ಚೆನ್ನಾಗಿ ಭಾಷೆ ಬೇರೆಲ್ಲೂ ಬರಲ್ಲ.

ಈಗ ಅಸಲಿ ವಿಷಯ. ದುಡ್ಡಿಗಿಂತ ದೊಡ್ಡ ಗೋಡೆ ಹೀಬ್ರೂ. ಬ್ಯಾಚುಲರ್ಸ್ ಪಾಠ ಹೆಚ್ಚುಕಮ್ಮಿ ಎಲ್ಲಾ ಹೀಬ್ರೂನಲ್ಲೇ. ಜೆರುಸಲೇಮ್‌ನ ಹೀಬ್ರೂ ಯೂನಿವರ್ಸಿಟಿ, ಟೆಲ್ ಅವಿವ್, ರಮತ್ ಗನ್‌ನ ಬಾರ್ ಇಲಾನ್, ಹೈಫಾದ ಟೆಕ್ನಿಯಾನ್, ಎಲ್ಲಿ ಹೋದ್ರೂ ಅಷ್ಟೇ, ಇಂಗ್ಲಿಷ್ ಬ್ಯಾಚುಲರ್ಸ್ ಬೆರಳೆಣಿಕೆ. ಜೊತೆಗೆ ಹೆಚ್ಚಿನ ಕೋರ್ಸುಗಳಿಗೆ ಸೇರೋಕೆ ಸೈಕೋಮೆಟ್ರಿಕ್ ಅನ್ನೋ ಪ್ರವೇಶ ಪರೀಕ್ಷೆ, 200ರಿಂದ 800ರವರೆಗೆ ಸ್ಕೋರ್, ಮೂರು ಭಾಗ: ಭಾಷೆ, ಗಣಿತ, ಇಂಗ್ಲಿಷ್. ಅದನ್ನ ರಷ್ಯನ್, ಫ್ರೆಂಚ್, ಸ್ಪ್ಯಾನಿಷ್ ಎಲ್ಲಾದ್ರಲ್ಲೂ ಬರೀಬಹುದು, ಆದ್ರೆ ಬೇರೆ ಭಾಷೇಲಿ ಬರೆದೋರು ಹೀಬ್ರೂ ಎಷ್ಟು ಗೊತ್ತು ಅಂತ ತೋರಿಸೋಕೆ ಯಾಎಲ್ ಪರೀಕ್ಷೆನೂ ಬರೀಬೇಕು.

ನನ್ನ ಫ್ಲಾಟ್‌ಮೇಟ್ ಒಬ್ಬಳು ಮುಂಬೈ ಹತ್ರದ ಠಾಣೆ ಕಡೆಯ ಬೆನೆ ಇಸ್ರೇಲ್ ಹುಡುಗಿ, ಇಂಡಿಯಾದಲ್ಲಿ ಕಾಲೇಜ್ ಅರ್ಧಕ್ಕೆ ಬಿಟ್ಟು ಬಂದಿದ್ಲು, ಉಲ್ಪಾನ್ ಅನ್ನೋ ಹೀಬ್ರೂ ಕಲಿಸೋ ಕೋರ್ಸ್ ಮುಗಿಸಿ ಸೀದಾ ಬ್ಯಾಚುಲರ್ಸ್ ಸೇರ್ಕೊಂಡ್ಲು. ಅವಳ ಸ್ಟಾಟಿಸ್ಟಿಕ್ಸ್ ನೋಟ್‌ಬುಕ್ ನಾನು ನೋಡಿದೀನಿ. ಪ್ರೊಫೆಸರ್ ಬೋರ್ಡ್ ಮೇಲೆ ವಾಕ್ಯ ಬಲದಿಂದ ಎಡಕ್ಕೆ ಬರೀತಾರೆ, ಮಧ್ಯದಲ್ಲಿ ಸೂತ್ರ ಬಂದ್ರೆ ಅದು ಎಡದಿಂದ ಬಲಕ್ಕೆ, ಸೂತ್ರ ಮುಗಿದ ಮೇಲೆ ಮತ್ತೆ ಬಲದಿಂದ ಎಡಕ್ಕೆ, ಇವಳು ಕೇಳಿಸಿದ ಪದಗಳನ್ನ ಅವಸರದಲ್ಲಿ ದೇವನಾಗರಿ ಲಿಪೀಲಿ ಗೀಚ್ಕೊಂಡು ಬಂದು ರಾತ್ರಿ ಕೂತು ಒಂದೊಂದನ್ನೇ ಹುಡುಕಿ ಅರ್ಥ ಬರೀತಿದ್ಲು, ಒಂದು ಗಂಟೆ ಪಾಠಕ್ಕೆ ರಾತ್ರಿ ಮೂರು ಗಂಟೆ ಕೆಲಸ. ಗಣಿತ ಅವಳಿಗೆ ಚೆನ್ನಾಗೇ ಬರ್ತಿತ್ತು, ಪ್ರಶ್ನೆ ಏನು ಕೇಳಿದಾರೆ ಅಂತಾನೇ ಗೊತ್ತಾಗದೆ ಮಾರ್ಕ್ಸ್ ಹೋಗ್ತಿತ್ತು. ಬುದ್ಧಿವಂತ ಮಕ್ಕಳು ನಾನು ದಡ್ಡಿ ಅಂತ ತಮ್ಮನ್ನೇ ಅಂದ್ಕೊಳ್ಳೋಕೆ ಶುರು ಮಾಡ್ತಾರಲ್ಲ, ಅದನ್ನ ನೋಡೋಕಾಗಲ್ಲ ರೀ. ಅದಕ್ಕೇ ಹೇಳೋದು, ಭಾಷೆಗೆ ಅಂತಾನೇ ಸಮಯ ಕೊಡ್ಬೇಕು, ಓದಿನ ಜೊತೆಜೊತೆಗೇ ಹೇಗೋ ಬಂದ್ಬಿಡತ್ತೆ ಅಂತ ನಂಬ್ಕೊಂಡು ಹೋಗ್ಬಾರ್ದು.

ಉಲ್ಪಾನ್ ಸರ್ಕಾರದ್ದೇ, ಹೊಸಬರಿಗೆ ಉಚಿತ, ಸಾಮಾನ್ಯವಾಗಿ ಐದು ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೆ ಐದು ಗಂಟೆ. ಜೆರುಸಲೇಮ್‌ನ ಉಲ್ಪಾನ್ ಎತ್ಸಿಯೋನ್ 1949ರಿಂದ ಇದೆ, ಡಿಗ್ರಿ ಆಗಿರೋ ಯುವಕ ಯುವತಿಯರು ಅಲ್ಲಿ ಜಾಸ್ತಿ ಇರ್ತಾರೆ. ಆಲೆಫ್, ಬೇತ್, ಗಿಮೆಲ್, ದಾಲೆತ್ ಅಂತ ಹಂತಗಳು. ಏನೂ ಗೊತ್ತಿಲ್ಲದೆ ಹೋದ್ರೆ ಐದು ತಿಂಗಳಲ್ಲಿ ಅಂಗಡಿ, ಬ್ಯಾಂಕು, ಬಸ್ಸು ನಿಭಾಯಿಸೋಷ್ಟು ಬರತ್ತೆ, ಕ್ಲಾಸ್‌ನಲ್ಲಿ ಕೂತು ಪಾಠ ಕೇಳೋಷ್ಟು ಬರಲ್ಲ. ಬೆಂಗಳೂರಲ್ಲೇ ಒಂದು ವರ್ಷ ಆನ್‌ಲೈನ್‌ನಲ್ಲಿ ಅಕ್ಷರ, ಕ್ರಿಯಾಪದ, ದಿನಬಳಕೆ ಮಾತು ಕಲ್ತು ಹೋದ್ರೆ ಅದೇ ಉಲ್ಪಾನ್‌ನಲ್ಲಿ ಮೇಲಿನ ಹಂತಕ್ಕೆ ಸೇರ್ಕೋತಾಳೆ, ಅದೇ ಐದು ತಿಂಗಳಿಗೆ ಎಷ್ಟೋ ಮುಂದೆ ಹೋಗ್ತಾಳೆ. ಇನ್ನು ಬ್ಯಾಚುಲರ್ಸೇ ಅಲ್ಲಿ ಮಾಡ್ಬೇಕು ಅಂತ ಹಠ ಇದ್ರೆ ಮೆಖಿನಾ ತಪ್ಪಿಸ್ಬೇಡಿ, ಹೀಬ್ರೂ ಯೂನಿವರ್ಸಿಟಿಯ ರಾಥ್‌ಬರ್ಗ್ ಸ್ಕೂಲ್‌ನಲ್ಲಿ ಇದೆ, ಒಂದು ವರ್ಷ ಹೋಗತ್ತೆ ಅನ್ಸಿದ್ರೂ ಆ ವರ್ಷ ದಂಡ ಅಲ್ಲ.

ಮಾಸ್ಟರ್ಸ್ ಕಥೆನೇ ಬೇರೆ. ಬಯಾಲಜಿ, ಬಯೋಟೆಕ್, ಕೃಷಿ ವಿಜ್ಞಾನ ಇಂಥದ್ದರಲ್ಲಿ ಇಂಗ್ಲಿಷ್‌ನಲ್ಲಿ ನಡೆಯೋ ಎಂಎಸ್ಸಿಗಳು ಬೇಕಾದಷ್ಟಿವೆ. ರೆಹೋವೋತ್‌ನಲ್ಲಿರೋ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನಲ್ಲಿ ಬ್ಯಾಚುಲರ್ಸೇ ಇಲ್ಲ, ಎಂಎಸ್ಸಿ, ಪಿಎಚ್‌ಡಿ ಮಾತ್ರ, ಪೂರ್ತಿ ಇಂಗ್ಲಿಷ್, ಫೀ ಇಲ್ಲ, ಮೇಲೆ ತಿಂಗಳ ಸ್ಟೈಪೆಂಡ್ ಬೇರೆ. ಸೇರೋದು ಕಷ್ಟ ಅನ್ನೋದು ನಿಜ, ಆದ್ರೆ ಇಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಮನಸ್ಸಿಟ್ಟು ಮಾಡಿ ಒಂದು ಒಳ್ಳೆ ಲ್ಯಾಬ್ ಅನುಭವ ಇಟ್ಕೊಂಡು ಹೋದ್ರೆ ಅಪ್ಲೈ ಮಾಡೋಕೆ ಹೆದರ್ಬೇಕಿಲ್ಲ. ಬೆನ್ ಗುರಿಯನ್‌ದು ಇನ್ನೊಂದು ಕ್ಯಾಂಪಸ್ ಸ್ದೆ ಬೋಕೆರ್‌ನಲ್ಲಿದೆ, ಮರುಭೂಮಿ ಕೃಷಿ, ನೀರು ಇವೆಲ್ಲಾ ಅಲ್ಲಿ, ಅದೂ ಇಂಗ್ಲಿಷ್‌ನಲ್ಲೇ. ಅಲ್ಲಿನ ಬ್ಯಾಚುಲರ್ಸ್ ಕೂಡ ಸಾಮಾನ್ಯವಾಗಿ ಮೂರೇ ವರ್ಷ, ಹಾಗಾಗಿ ನಮ್ಮ ಮೂರು ವರ್ಷದ ಬಿಎಸ್ಸಿ ಅಂತ ಕೀಳರಿಮೆ ಬೇಡ. 21ಕ್ಕೆ ಹೋದ್ರೆ 30ರ ಮಿತಿ ಇನ್ನೂ ದೂರ, ಒಂದು ವರ್ಷ ನೆಮ್ಮದಿಯಾಗಿ ಹೀಬ್ರೂಗೆ ಕೊಟ್ಟು ಆಮೇಲೆ ಎರಡು ವರ್ಷ ಅಥಾರಿಟಿ ದುಡ್ಡಲ್ಲಿ ಓದಬಹುದು.

ಇನ್ನೊಂದು ದೊಡ್ಡ ಕಾರಣ ಇದೆ, ಇದನ್ನ ಯಾರೂ ಮೊದಲೇ ಹೇಳಲ್ಲ. ರಿಟರ್ನ್ ಲಾ, ಅಂದ್ರೆ ಯಹೂದಿಗಳಿಗೆ ಇಸ್ರೇಲಿಗೆ ಬಂದು ನೆಲೆಸೋ ಹಕ್ಕು ಕೊಡೋ ಕಾನೂನು, ಅದರ ಪ್ರಕಾರ ಹೊಸ ವಲಸಿಗರಾಗಿ ಹೋದೋರಿಗೆ ಇಸ್ರೇಲಿ ಪೌರತ್ವ ಸಿಗತ್ತೆ, ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸ್ಬೇಕು, ಬೇಕಾದ್ರೆ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದೋರಿಗೆ ಕೊಡೋದು) ಮಾಡಿಸ್ಕೋಬಹುದು. ಬಂದು ಇರೋಕೆ, ಕೆಲಸ ಮಾಡೋಕೆ ಓಸಿಐನಲ್ಲಿ ತೊಂದ್ರೆ ಇಲ್ಲ, ಆದ್ರೆ 2021ರ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ ಪ್ರವೇಶ ಪರೀಕ್ಷೆ ಮೂಲಕ ಸಿಗೋ ಮೆಡಿಕಲ್, ಇಂಜಿನಿಯರಿಂಗ್ ತರದ ಸೀಟುಗಳಲ್ಲಿ ಅವರನ್ನ ಎನ್‌ಆರ್‌ಐ ಸಾಲಿಗೆ ಸೇರಿಸ್ತಾರೆ. ಇಲ್ಲಿನ ಡಿಗ್ರಿ ಅರ್ಧಕ್ಕೆ ಬಿಟ್ಟು ಹೋಗಿ, ಅಲ್ಲಿ ಹೊಂದ್ಕೊಳ್ಳೋಕಾಗದೆ ವಾಪಸ್ ಬಂದ್ರೆ ಎರಡೂ ಕಡೆ ಕೈ ಖಾಲಿ. ಡಿಗ್ರಿ ಕೈಯಲ್ಲಿದ್ರೆ ಆ ಭಯ ಇಲ್ಲ. ಅಪ್ಪ ಅಮ್ಮನ್ನ ಕೂರಿಸ್ಕೊಂಡು ಇದೊಂದನ್ನ ಬಿಡಿಸಿ ಹೇಳಿ.

ಸೇರಿದ ಮೇಲೆ ಸಿಗೋ ಸಹಾಯದಲ್ಲಿ ಮಕ್ಕಳು ಕೇಳಿ ತಗೊಳ್ಳದೇ ಬಿಡೋದೇ ಜಾಸ್ತಿ. ಡೀನ್ ಆಫ್ ಸ್ಟೂಡೆಂಟ್ಸ್ ಆಫೀಸ್‌ನಲ್ಲಿ ಓಲಿಮ್‌ಗೆ ಅಂತಾನೇ ಒಬ್ಬರು ಇರ್ತಾರೆ. ಹೊಸ ವಲಸಿಗರಿಗೆ ಪರೀಕ್ಷೇಲಿ ಹೆಚ್ಚುವರಿ ಸಮಯ, ಡಿಕ್ಷನರಿ ಇಟ್ಕೊಳ್ಳೋ ಅನುಮತಿ, ಟ್ಯೂಟರ್, ಕೌನ್ಸೆಲಿಂಗ್ ಎಲ್ಲಾ ಇದೆ, ಆದ್ರೆ ತಾನಾಗಿ ಯಾರೂ ತಂದು ಕೊಡಲ್ಲ, ಹೊಸ ವಲಸಿಗರು ಅನ್ನೋದಕ್ಕೆ ಇರೋ ಕಾಗದ ತೋರಿಸಿ ಸೆಮಿಸ್ಟರ್ ಶುರುವಲ್ಲೇ ಅರ್ಜಿ ಹಾಕ್ಬೇಕು. ಆ ಠಾಣೆ ಹುಡುಗಿಗೆ ಇದು ಗೊತ್ತಾಗಿದ್ದೇ ಎರಡನೇ ಸೆಮಿಸ್ಟರ್‌ನಲ್ಲಿ, ಅಲ್ಲಿಂದಾಚೆ ಪರೀಕ್ಷೆ ಎಷ್ಟೋ ಹಗುರ ಆಯ್ತು ಅವಳಿಗೆ. ಅಲ್ಲಿ ಕೇಳೋದು ತಪ್ಪಲ್ಲ, ಒಂದ್ಸಲ ಇಲ್ಲ ಅಂದ್ರೆ ಮತ್ತೆ ಕೇಳೋದೂ ತಪ್ಪಲ್ಲ. ನಮ್ಮ ಕಡೆ ಮಕ್ಕಳು ಸಂಕೋಚದಲ್ಲಿ ಸುಮ್ನಿದ್ದು ಕಳ್ಕೋತಾರೆ.

ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ ಅದನ್ನೂ ಹೇಳ್ಬೇಕು. ಪಾಠ ಹೀಬ್ರೂನಲ್ಲಾದ್ರೂ ಓದೋಕೆ ಕೊಡೋ ಪೇಪರ್‌ಗಳು, ಎಷ್ಟೋ ಪುಸ್ತಕಗಳು ಇಂಗ್ಲಿಷ್‌ನಲ್ಲೇ ಇರ್ತವೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಅದಕ್ಕೆ ಒದ್ದಾಡ್ತಾರೆ, ಇವಳು ಆರಾಮಾಗಿ ಓದಿ ಅವರಿಗೆ ಹೇಳ್ಕೊಟ್ಟು ಬದಲಿಗೆ ಹೀಬ್ರೂ ನೋಟ್ಸ್ ತಗೊಳ್ಳಬಹುದು, ಸ್ನೇಹ ಆಗೋದೂ ಹಾಗೇ.

ಒಂಟಿತನದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಶುಕ್ರವಾರ ಮಧ್ಯಾಹ್ನ ಆಗ್ತಿದ್ದ ಹಾಗೆ ಬೀರ್‌ಶೆಬಾದಲ್ಲಿ ಬಸ್ ನಿಲ್ಲತ್ತೆ, ಅಂಗಡಿ ಬಾಗಿಲು ಹಾಕ್ತವೆ, ಶನಿವಾರ ಸಂಜೆ ತನಕ ಹಾಗೇ. ಅಲ್ಲಿನ ಹುಡುಗರೆಲ್ಲಾ ಬಟ್ಟೆ ಬ್ಯಾಗ್ ತಗೊಂಡು ಅಮ್ಮನ ಮನೆಗೆ ಹೊರಟುಬಿಡ್ತಾರೆ, ಹಾಸ್ಟೆಲ್‌ನಲ್ಲಿ ಉಳಿಯೋದು ಯಾರೂ ಇಲ್ಲದ ಓಲಿಮ್ ಮತ್ತೆ ನಮ್ಮಂಥ ಹೊರದೇಶದೋರು. ವಾರದ ಆ ಒಂದು ದಿನ ಅಳು ಬರೋಷ್ಟು ಕಷ್ಟ. ಅದಕ್ಕೆ ದಾರಿ ಅಂದ್ರೆ ಹೋಗೋ ಮುಂಚೇನೇ ಶಬ್ಬತ್‌ಗೆ, ಅಂದ್ರೆ ಯಹೂದಿಗಳ ಈ ವಾರದ ವಿಶ್ರಾಂತಿ ದಿನಕ್ಕೆ, ಕರೆಯೋ ಒಂದು ಮನೆ ಹುಡುಕ್ಕೊಳ್ಳೋದು. ಬೀರ್‌ಶೆಬಾ, ದಿಮೋನಾ, ಅಶ್ದೋದ್, ರಾಮ್ಲಾ ಇಲ್ಲೆಲ್ಲಾ ಬೆನೆ ಇಸ್ರೇಲ್ ಕುಟುಂಬಗಳು ತುಂಬಾ ಇವೆ, ದಿಮೋನಾದಲ್ಲಂತೂ ಮರಾಠಿ ಮಾತಾಡೋ ಅಜ್ಜಿಯರು ಸಿಕ್ತಾರೆ, ಊಟ ಹಾಕದೆ ಕಳಿಸಲ್ಲ. ಹುಡುಗಿ ಅಮ್ಮನ ಕಡೆ ಸಂಬಂಧಿಕರು ಒಬ್ಬರಾದ್ರೂ ಅಲ್ಲಿ ಇದ್ದೇ ಇರ್ತಾರೆ, ಅವರ ಊರು ಯಾವುದು ನೋಡಿ ಅದರ ಹತ್ರದ ಯೂನಿವರ್ಸಿಟಿ ಆರಿಸ್ಕೊಳ್ಳಿ. ರ‍್ಯಾಂಕಿಂಗ್‌ಗಿಂತ ಇದು ಮುಖ್ಯ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಯುದ್ಧದ ಬಗ್ಗೆ ಮುಚ್ಚಿಡೋದು ಸರಿಯಲ್ಲ. 2023ರ ಅಕ್ಟೋಬರ್ ಆದ ಮೇಲೆ ಆ ವರ್ಷದ ಕ್ಲಾಸುಗಳು ಹೆಚ್ಚಿನ ಕಡೆ ಶುರುವಾಗಿದ್ದೇ ಡಿಸೆಂಬರ್ 31ಕ್ಕೆ, 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿ ಬಿದ್ದು ವೈಜ್‌ಮನ್‌ನಲ್ಲಿ ಎಷ್ಟೋ ಲ್ಯಾಬ್ ಹಾಳಾದ್ವು. ಮನೆ ಬಾಡಿಗೆಗೆ ನೋಡುವಾಗ ಒಳಗೆ ಮಮಾದ್, ಅಂದ್ರೆ ಭದ್ರತಾ ಕೋಣೆ, ಇದೆಯಾ ಅಂತ ಮೊದಲು ಕೇಳ್ಬೇಕು. ಮಿಲಿಟರಿ ಸೇವೆ ಇದೆಯೋ ಇಲ್ವೋ, ಎಷ್ಟು ದಿನ ಅನ್ನೋದು ಅಲಿಯಾ ಮಾಡಿದಾಗಿನ ವಯಸ್ಸು, ಮದುವೆ ಆಗಿದೆಯಾ ಅನ್ನೋದರ ಮೇಲೆ ನಿರ್ಧಾರ ಆಗತ್ತೆ, ಅದನ್ನ ಜ್ಯೂಯಿಶ್ ಏಜೆನ್ಸಿಯೋರ ಹತ್ರ ಅವಳ ಹುಟ್ಟಿದ ದಿನ ಕೊಟ್ಟು ಬರವಣಿಗೇಲಿ ಉತ್ತರ ತಗೊಳ್ಳಿ.

ಕಾಗದ ಪತ್ರ ಈಗಿಂದಲೇ ಶುರು ಮಾಡಿ. ಹತ್ತನೇ ಕ್ಲಾಸ್, ಪಿಯುಸಿ ಮಾರ್ಕ್ಸ್ ಕಾರ್ಡ್, ಬರ್ತ್ ಸರ್ಟಿಫಿಕೇಟ್, ಅಪ್ಪ ಅಮ್ಮನ ಮದುವೆ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್ ಇವಕ್ಕೆಲ್ಲಾ ವಿದೇಶಾಂಗ ಇಲಾಖೆಯ ಅಪೋಸ್ಟಿಲ್, ಅಂದ್ರೆ ಹೊರದೇಶದಲ್ಲಿ ಒಪ್ಪೋ ದೃಢೀಕರಣದ ಮುದ್ರೆ, ಬೇಕು, ಡಿಗ್ರಿ ಸರ್ಟಿಫಿಕೇಟ್ ಬಂದ ಮೇಲೆ ಅದಕ್ಕೂ. ಯಹೂದಿ ಅನ್ನೋದಕ್ಕೆ ಸಮುದಾಯದ ಪತ್ರ ಬೇಕು, ಮುಂಬೈ ಠಾಣೆ ಕಡೆ ಅವರ ಅಜ್ಜಿ ತಾತ ಯಾವ ಸಿನಗಾಗ್‌ಗೆ ಸೇರಿದ್ರೋ ಅಲ್ಲಿನ ದಾಖಲೆ ತೆಗೆಸಿ. ಎಲ್ಲಾದ್ರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ, ನಮ್ಮ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಮಾತ್ರ ಇರತ್ತೆ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ ಇರತ್ತೆ. ಹಾಗಿದ್ರೆ ಇಲ್ಲೇ ನೋಟರಿ ಹತ್ರ ಅಫಿಡವಿಟ್ ಮಾಡಿಸಿ ಅದಕ್ಕೂ ಅಪೋಸ್ಟಿಲ್ ಹಾಕಿಸ್ಕೊಳ್ಳಿ, ಅಲ್ಲಿ ಹೋದ ಮೇಲೆ ಮಾಡಿಸೋದು ದೊಡ್ಡ ತಾಪತ್ರಯ.