ಹನ್ನೆರಡರ ಮಿತಿ, ಹನ್ನೆರಡು ವರ್ಷಗಳ ಕಾಯುವಿಕೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ರಿಯಲ್-ಟೈಮ್ ಸ್ಟ್ರಾಟಜಿ ಆಟಗಳ, ಅಂದರೆ ಸರದಿಗೆ ಕಾಯದೆ ನೆಲೆ (ಬೇಸ್) ಕಟ್ಟಿ ಸೈನ್ಯ ನಡೆಸುವ ಕಂಪ್ಯೂಟರ್ ಆಟಗಳ, ಮುಂದಿನ ಭಾಗಗಳನ್ನು ಕುರಿತವು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಫುಟ್‌ಬಾಲ್ ಆಟಗಳಿಗೆ ಹೆಚ್ಚುಕಡಿಮೆ ಪ್ರತಿವರ್ಷವೂ ಹೊಸ ಆವೃತ್ತಿ ಬರುತ್ತದೆ. ‘ಸ್ಟಾರ್‌ಕ್ರಾಫ್ಟ್’, ‘ಏಜ್ ಆಫ್ ಎಂಪೈರ್ಸ್’ ಮುಂತಾದವುಗಳ ಅಭಿಮಾನಿಗಳು ಮಾತ್ರ ಹತ್ತು-ಹದಿನೈದು ವರ್ಷ ಏಕೆ ಕಾಯಬೇಕು?

ಉತ್ತರ: ಇಂಥ ಆಟದ ಮುಂದಿನ ಭಾಗಕ್ಕೆ ಅದರ ಹಿಂದಿನ ಭಾಗವೇ ದೊಡ್ಡ ಎದುರಾಳಿ. ಫುಟ್‌ಬಾಲ್ ಆಟದಲ್ಲಿ ತಂಡಗಳು ಬದಲಾದರೆ ಹಳೆಯ ಆವೃತ್ತಿ ಹಳತಾಯಿತು. ಸ್ಟ್ರಾಟಜಿ ಆಟದಲ್ಲಿ ಎದುರಿಗೆ ಕುಳಿತವನು ಮನುಷ್ಯನಾದ್ದರಿಂದ, ನಿಯಮಗಳು ಸಮತೂಕವಾಗಿ ಇರುವವರೆಗೆ ಚದುರಂಗದಂತೆ ಅದು ಸವೆಯುವುದೇ ಇಲ್ಲ. ‘ಸ್ಟಾರ್‌ಕ್ರಾಫ್ಟ್’ ಹೊರಬಂದದ್ದು 1998ರ ಮಾರ್ಚ್ 31ರಂದು. ಅದೇ ವರ್ಷದ ಕೊನೆಗೆ ‘ಬ್ರೂಡ್ ವಾರ್’ ಎಂಬ ವಿಸ್ತರಣೆ ಬಂತು. 2001ರ ಒಂದು ಪ್ಯಾಚ್ (ಆಟಕ್ಕೆ ಆಮೇಲೆ ಕೊಡುವ ತಿದ್ದುಪಡಿ) ಟೆರ್ರನ್, ಪ್ರೋಟಾಸ್, ಜರ್ಗ್ ಎಂಬ ಮೂರು ಪಂಗಡಗಳ ಬಲಾಬಲವನ್ನು ತಿದ್ದಿತು. ಅಲ್ಲಿಂದ ಮುಂದೆ ತಯಾರಕ ಕಂಪನಿ ಬ್ಲಿಝಾರ್ಡ್ ಆ ತೂಕಕ್ಕೆ ಕೈ ಹಾಕಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಟಿವಿ ವಾಹಿನಿಗಳು ಪಂದ್ಯಗಳನ್ನು ಪ್ರಸಾರ ಮಾಡುತ್ತಿದ್ದ ವರ್ಷಗಳುದ್ದಕ್ಕೂ, ಒಂದು ಪಂಗಡ ಬಲವಾಯಿತೆನಿಸಿದರೆ ನಕ್ಷೆ ರಚಿಸುವವರು ನೆಲದ ಏರುತಗ್ಗು ಬದಲಿಸಿ ಸರಿದೂಗಿಸಿದರೇ ಹೊರತು ಆಟದ ಒಳಗಿನ ಅಂಕಿಗಳನ್ನು ಯಾರೂ ಮುಟ್ಟಲಿಲ್ಲ.

ಹೀಗೆ ನೆಲೆನಿಂತ ಆಟಕ್ಕೆ ಮುಂದಿನ ಭಾಗ ಮಾಡಹೊರಟವರು ಅವಸರಪಡುವಂತಿರಲಿಲ್ಲ. ಎರಡನೆಯ ಭಾಗದ ಕೆಲಸ 2003ರಲ್ಲೇ ಆರಂಭವಾಗಿ, ನಡುವೆ ಅದೇ ಕಂಪನಿಯ ಇನ್ನೊಂದು ಆಟವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ಗಾಗಿ ತಡವಾಗಿ, 2007ರ ಮೇ 19ರಂದು ಸೋಲ್ ನಗರದಲ್ಲಿ ಘೋಷಣೆಯಾಯಿತು, ಕೈಗೆ ಸಿಕ್ಕದ್ದು 2010ರ ಜುಲೈ 27ಕ್ಕೆ. ಘೋಷಣೆಯ ದಿನ ತೋರಿಸಿದ ಕಿರುಚಿತ್ರದಲ್ಲಿ ಕೈದಿಯೊಬ್ಬನಿಗೆ ಯಂತ್ರಗಳು ಯುದ್ಧಕವಚ ತೊಡಿಸುತ್ತವೆ, ಅವನು ಕೊನೆಗೆ ‘ಇಷ್ಟು ಹೊತ್ತು ಬೇಕಾಯಿತೇ’ ಎಂಬ ಧಾಟಿಯಲ್ಲಿ ಗೊಣಗುತ್ತಾನೆ. ಆ ಮಾತನ್ನು ಬರೆದವರು ಅಭಿಮಾನಿಗಳ ಬಾಯಿಂದಲೇ ಕಸಿದುಕೊಂಡಿದ್ದರು ಎನ್ನಬೇಕು. ತಡವಾದುದಕ್ಕೆ ಹಳಬರು ಅಷ್ಟಾಗಿ ಮುನಿಯದಿದ್ದುದಕ್ಕೆ ಇನ್ನೊಂದು ಕಾರಣವಿದೆ. ಮೊದಲ ಭಾಗವನ್ನು 1996ರ ಪ್ರದರ್ಶನವೊಂದರಲ್ಲಿ ತೋರಿಸಿದಾಗ ‘ತಮ್ಮ ಹಿಂದಿನ ಆಟ ವಾರ್‌ಕ್ರಾಫ್ಟನ್ನೇ ಬಾಹ್ಯಾಕಾಶಕ್ಕೆ ಒಯ್ದಿದ್ದಾರೆ’ ಎಂದು ನೋಡಿದವರು ಮೂಗು ಮುರಿದಿದ್ದರು. ತಯಾರಕರು ಅದನ್ನು ಬಹುಮಟ್ಟಿಗೆ ಮೊದಲಿನಿಂದಲೇ ಕಟ್ಟಿದ್ದರಿಂದ ನಾವು ಇಂದು ಮೆಚ್ಚುವ ಆಟವಾಯಿತು.

ಪ್ರಶ್ನೆ: ಎರಡನೆಯ ಭಾಗದಲ್ಲಿ ಇಡೀ ಸೈನ್ಯವನ್ನು ಒಂದೇ ಬಾರಿಗೆ ಆರಿಸಬಹುದು. ಇದರಿಂದಲೇ ಆಟ ಕೆಟ್ಟಿತು, ಮೂರನೆಯದು ಬಂದರೆ ಒಮ್ಮೆಗೆ ಹನ್ನೆರಡೇ ಎಂಬ ಹಳೆಯ ಮಿತಿಯೇ ಮರಳಬೇಕು ಎಂದು ನಮ್ಮಣ್ಣ ವಾದಿಸುತ್ತಾನೆ. ಸೌಕರ್ಯ ಹೆಚ್ಚಾದರೆ ಆಟ ಕೆಡುವುದು ಹೇಗೆ?

ಉತ್ತರ: ನಿಮ್ಮ ಅಣ್ಣನವರ ವಾದವನ್ನು ತಳ್ಳಿಹಾಕುವ ಮುನ್ನ ಹಳೆಯ ಆಟದ ಮೊದಲ ನಿಮಿಷವನ್ನು ನೆನಪಿಗೆ ತಂದುಕೊಳ್ಳಿ. ಕೈಯಲ್ಲಿ ನಾಲ್ಕು ಕೆಲಸಗಾರ ಯೂನಿಟ್‌ಗಳು (ಆಡುವವನ ಆಜ್ಞೆಯಂತೆ ನಡೆಯುವ ಆಳುಗಳು), ಐವತ್ತು ಮಿನರಲ್ (ಅಗೆದು ತರುವ ಖನಿಜ, ಆಟದ ಹಣ). ಆ ಐವತ್ತನ್ನು ಐದನೆಯ ಕೆಲಸಗಾರನಿಗೆ ತೊಡಗಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ವರನ್ನೂ ನಾಲ್ಕು ಬೇರೆ ಬೇರೆ ಮಿನರಲ್ ಗಡ್ಡೆಗಳಿಗೆ ಹಂಚಬೇಕು. ಇಬ್ಬರು ಒಂದೇ ಗಡ್ಡೆಗೆ ಹೋದರೆ ಒಬ್ಬ ಸುಮ್ಮನೆ ಅಲೆದಾಡುತ್ತಾನೆ. ಐದನೆಯವನು ಹುಟ್ಟಿ ಹೊರಬಂದಾಗ ತಾನಾಗಿ ಕೆಲಸಕ್ಕೆ ಹೋಗುವುದಿಲ್ಲ, ನೀವು ಕ್ಲಿಕ್ ಮಾಡಿ ಕಳಿಸುವವರೆಗೂ ಬೇಸ್‌ನ ಪಕ್ಕದಲ್ಲೇ ನಿಂತಿರುತ್ತಾನೆ. ಮುಂದೆ ಯುದ್ಧ ನಡೆಯುತ್ತಿರುವಾಗಲೂ ಪ್ರತಿಯೊಬ್ಬ ಹೊಸ ಕೆಲಸಗಾರನಿಗಾಗಿ ಮನೆಗೆ ಮರಳಿ ನೋಡಲೇಬೇಕು. ಸೈನಿಕರನ್ನು ತಯಾರಿಸುವ ಕಟ್ಟಡ ಹತ್ತಿದ್ದರೆ ಹತ್ತಕ್ಕೂ ಒಂದೊಂದಾಗಿ ಆಜ್ಞೆ ಕೊಡಬೇಕು. ಒಂದು ಬಾರಿಗೆ ಹನ್ನೆರಡಕ್ಕಿಂತ ಹೆಚ್ಚು ಯೂನಿಟ್‌ಗಳನ್ನು ಆರಿಸಲಾಗದ ಕಾರಣ, ಜರ್ಗ್ ಪಂಗಡದ ಪುಟ್ಟ ಯೋಧರಾದ ಜರ್ಗ್ಲಿಂಗ್‌ಗಳ ಅರವತ್ತರ ದಂಡು ಎಂದರೆ ಐದು ಗುಂಪು, ಐದು ಕೀಲಿ, ಐದು ಕ್ಲಿಕ್. ಇದರಿಂದ ಸಮಯವೂ ಗಮನವೂ ಮಿನರಲ್‌ನಷ್ಟೇ ಅಮೂಲ್ಯವಾದವು. ಎಲ್ಲಿ ನೋಡುತ್ತೀರಿ ಎಂಬುದೇ ಒಂದು ತಂತ್ರವಾಯಿತು.

ಇನ್ನೂ ಸೊಗಸಾದ ಉದಾಹರಣೆ ಜರ್ಗ್ ಪಂಗಡದ ಹಾರುವ ಯೋಧಪ್ರಾಣಿಗಳಾದ ಮ್ಯುಟಲಿಸ್ಕ್‌ಗಳದು. ಹನ್ನೊಂದು ಮ್ಯುಟಲಿಸ್ಕ್‌ಗಳ ಜೊತೆಗೆ ನಕ್ಷೆಯ ಎಲ್ಲೋ ದೂರದಲ್ಲಿರುವ ಒಂದು ಓವರ್‌ಲಾರ್ಡನ್ನು (ಅದೇ ಪಂಗಡದ ಇನ್ನೊಂದು ಹಾರುವ ಪ್ರಾಣಿ) ಅದೇ ಗುಂಪಿಗೆ ಸೇರಿಸಿದರೆ, ಗುಂಪಿನವರು ತೀರ ಚದುರಿದ್ದಾರೆಂದು ಭಾವಿಸಿದ ಆಟ ಸಾಲು ಕಟ್ಟುವುದನ್ನು ಬಿಟ್ಟು ಎಲ್ಲರನ್ನೂ ಒಂದೇ ಬಿಂದುವಿಗೆ ಕಳಿಸುತ್ತದೆ. ಹನ್ನೊಂದೂ ಒಂದರ ಮೇಲೊಂದು ಕೂತು ಒಂದೇ ಪ್ರಾಣಿಯಂತೆ ಹಾರುತ್ತವೆ, ಹನ್ನೊಂದರ ಹೊಡೆತ ಒಟ್ಟಿಗೆ ಬೀಳುತ್ತದೆ. ತಯಾರಕರು ಯೋಜಿಸಿದ್ದಲ್ಲ ಇದು, ಆಡುವವರು ಕಂಡುಕೊಂಡದ್ದು. ಇಂಥದರಲ್ಲಿ ವರ್ಷಗಟ್ಟಲೆ ಕೈ ಪಳಗಿಸಿದವನಿಗೆ ಮುಂದಿನ ಭಾಗದ ಸುದ್ದಿ ಕೇಳಿದೊಡನೆ ಹಿಗ್ಗಿನ ಜೊತೆಗೇ, ತಾನು ಕಲಿತ ವಿದ್ಯೆ ಅಲ್ಲಿ ನಡೆಯುತ್ತದೆಯೇ ಎಂಬ ಅಳುಕೂ ಹುಟ್ಟುವುದು ಸಹಜ. 2007ರಿಂದ 2010ರವರೆಗೆ ಅಭಿಮಾನಿಗಳು ಕಾದಾಡಿದ್ದು ಹೆಚ್ಚಾಗಿ ಇದೇ ಅಳುಕಿನಿಂದ.

ಆದರೆ ಅಣ್ಣನವರು ಒಂದು ಸಂಗತಿಯನ್ನು ಬಿಟ್ಟಿದ್ದಾರೆ. 1994ರ ‘ವಾರ್‌ಕ್ರಾಫ್ಟ್’ನಲ್ಲಿ ಒಮ್ಮೆಗೆ ನಾಲ್ಕು, ಮರುವರ್ಷದ ಎರಡನೆಯ ಭಾಗದಲ್ಲಿ ಒಂಬತ್ತು ಯೂನಿಟ್‌ಗಳನ್ನಷ್ಟೇ ಆರಿಸಬಹುದಿತ್ತು. ಆ ಲೆಕ್ಕದಲ್ಲಿ ಹನ್ನೆರಡೂ ಸೌಕರ್ಯವೇ. ಎರಡನೆಯ ‘ಸ್ಟಾರ್‌ಕ್ರಾಫ್ಟ್’ ಕೂಡ ಕೈಗೆ ಕೆಲಸ ಕೊಡದೆ ಬಿಡಲಿಲ್ಲ: ಜರ್ಗ್ ಆಡುವವನು ಸುಮಾರು ಅರ್ಧ ನಿಮಿಷಕ್ಕೊಮ್ಮೆ ಕ್ವೀನ್ ಎಂಬ ಯೂನಿಟ್‌ನಿಂದ ಹೆಚ್ಚುವರಿ ಲಾರ್ವಾಗಳನ್ನು (ಸೈನಿಕರಾಗಿ ಬೆಳೆಯುವ ಹುಳುಗಳನ್ನು) ಹುಟ್ಟಿಸಬೇಕು, ಮರೆತರೆ ಅಷ್ಟು ಸೈನ್ಯ ಹುಟ್ಟಲೇ ಇಲ್ಲವೆಂದು ಲೆಕ್ಕ. ಟೆರ್ರನ್‌ಗೆ ಹೆಚ್ಚು ಮಿನರಲ್ ತರುವ ಮ್ಯೂಲ್ ಯಂತ್ರ, ಪ್ರೋಟಾಸ್‌ಗೆ ಕಟ್ಟಡದ ಕೆಲಸ ಚುರುಕಾಗಿಸುವ ಕ್ರೋನೋ ಬೂಸ್ಟ್ ಇದೇ ಜಾತಿಯವು. ಕಷ್ಟ ಹೋಗಲಿಲ್ಲ, ಜಾಗ ಬದಲಿಸಿತು. ನನ್ನ ಮಟ್ಟಿಗೆ, ಹಳೆಯ ಕಷ್ಟಕ್ಕೆ ಒಂದು ಸಹಜತೆ ಇತ್ತು, ಹೊಸದು ಒಲೆಯ ಮೇಲಿಟ್ಟ ಹಾಲನ್ನು ಮತ್ತೆ ಮತ್ತೆ ನೋಡಿಬರುವ ಕೆಲಸದಂತಿದೆ. ಆದರೂ ಹನ್ನೆರಡರ ಮಿತಿಯನ್ನು ಇಂದು ಬೇಕೆಂದೇ ಹೇರಿದರೆ ಹೊಸಬರು ಮೊದಲ ಪಂದ್ಯಕ್ಕೇ ಎದ್ದುಹೋಗುತ್ತಾರೆ. ಎರಡನ್ನೂ ಆಡಿ, ಎರಡರಲ್ಲೂ ಧಾರಾಳವಾಗಿ ಸೋತವನ ಅಭಿಪ್ರಾಯವಿದು, ಅಣ್ಣನವರು ಒಪ್ಪಬೇಕೆಂದಿಲ್ಲ.

ಪ್ರಶ್ನೆ: ನಾನು ಆನ್‌ಲೈನ್ ಪಂದ್ಯಗಳಿಗೆ ಹೋಗುವವಳಲ್ಲ, ಕಥೆಗಾಗಿ ಆಡುವವಳು. ನಮ್ಮಂಥವರ ನಿರೀಕ್ಷೆಗೆ ಬೆಲೆಯಿದೆಯೇ?

ಉತ್ತರ: ಖಂಡಿತ ಇದೆ, ಮತ್ತು ಹೆಚ್ಚು ಕಾದವರು ನೀವೇ. ‘ಬ್ರೂಡ್ ವಾರ್’ ಮುಗಿದಾಗ ಜರ್ಗ್‌ಗಳ ರಾಣಿ ಕೆರಿಗನ್ ತನ್ನ ವೈರಿಗಳನ್ನೆಲ್ಲ ಸೋಲಿಸಿ ಒಬ್ಬಳೇ ನಿಂತಿದ್ದಳು. ಅವಳ ಮುಂದಿನ ಗತಿ ತಿಳಿಯಲು ಹನ್ನೆರಡು ವರ್ಷ ಬೇಕಾಯಿತು. ಅಷ್ಟರಲ್ಲಿ, 2008ರಲ್ಲಿ, ಎರಡನೆಯ ಭಾಗವನ್ನು ಮೂರು ಕಂತುಗಳಾಗಿ ಒಡೆಯುತ್ತೇವೆಂದು ಕಂಪನಿ ಪ್ರಕಟಿಸಿತು. 2010ರಲ್ಲಿ ಟೆರ್ರನ್ ಕಥೆ, 2013ರಲ್ಲಿ ಜರ್ಗ್ ಕಥೆ, 2015ರ ನವೆಂಬರ್‌ನಲ್ಲಿ ಪ್ರೋಟಾಸ್ ಕಥೆ. ಪ್ರೋಟಾಸ್ ಪಕ್ಷಪಾತಿಗಳು ಮೊದಲ ಆಟದಿಂದ ಲೆಕ್ಕ ಹಾಕಿದರೆ ಹದಿನೇಳು ವರ್ಷ ಕಾದಂತಾಯಿತು. ದುಡ್ಡು ಮೂರು ಬಾರಿ ಕೀಳುವ ಉಪಾಯವೆಂದು ಆಗ ಬೈದವರಲ್ಲಿ ನಾನೂ ಒಬ್ಬ. ಮೂರೂ ಕಥಾಭಾಗಗಳನ್ನು ಮುಗಿಸಿದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆದೆ, ಏಕೆಂದರೆ ಒಂದೊಂದಕ್ಕೂ ತನ್ನದೇ ರೀತಿಯ ಕಾರ್ಯಾಚರಣೆಗಳನ್ನು ಹೊಸೆದಿದ್ದರು. ಈಗ ಮೊದಲ ಕಂತು ಉಚಿತವಾಗಿಯೇ ಸಿಗುತ್ತದೆ, ಅಲ್ಲಿಂದಲೇ ತೊಡಗಿ.

ಪ್ರಶ್ನೆ: ಯಾವುದೇ ಪ್ರಸಿದ್ಧ ಆಟದ ಮುಂದಿನ ಭಾಗ ಘೋಷಣೆಯಾದೊಡನೆ ಮುಂಗಡ ಹಣ ಕೊಟ್ಟು ಕಾಯ್ದಿರಿಸುವ ಅಭ್ಯಾಸ ನನ್ನದು. ಸರಿಯೇ?

ಉತ್ತರ: ಈ ಪ್ರಕಾರದ ಮಟ್ಟಿಗೆ ಸರಿಯಲ್ಲ. 2010ರಲ್ಲಿ ಬಂದ ನಾಲ್ಕನೆಯ ‘ಕಮಾಂಡ್ ಅಂಡ್ ಕಾಂಕರ್’ ತನ್ನ ಪರಂಪರೆಯ ಜೀವಾಳವಾಗಿದ್ದ ಬೇಸ್ ಕಟ್ಟುವ ಕೆಲಸವನ್ನೂ ಸಂಪನ್ಮೂಲ ಸಂಗ್ರಹವನ್ನೂ ಕೈಬಿಟ್ಟಿತ್ತು. ಅಭಿಮಾನಿಗಳೂ ಅದನ್ನು ಕೈಬಿಟ್ಟರು. 2017ರ ಏಪ್ರಿಲ್‌ನಲ್ಲಿ ಬಂದ ಮೂರನೆಯ ‘ಡಾನ್ ಆಫ್ ವಾರ್’ಗೆ ಹೊಸದೇನನ್ನೂ ಸೇರಿಸುವುದಿಲ್ಲವೆಂದು ವರ್ಷ ತುಂಬುವ ಮೊದಲೇ ತಯಾರಕರು ಹೇಳಿಬಿಟ್ಟರು. ಘೋಷಣೆಯ ವೀಡಿಯೊದಲ್ಲಿ ಕಾಣುವುದು ಚಿತ್ರಗಳ ಹೊಳಪು ಮಾತ್ರ. ಯೂನಿಟ್ ಆಜ್ಞೆಗೆ ತಕ್ಷಣ ತಿರುಗುತ್ತದೆಯೇ, ಇಕ್ಕಟ್ಟಿನ ದಾರಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆಯೇ ಎಂಬುದು ಆಡಿದಾಗಲೇ ತಿಳಿಯುವುದು. ಎರಡನೆಯ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಲ್ಯಾನ್ ಆಟಕ್ಕೆ (ಇಂಟರ್ನೆಟ್ ಇಲ್ಲದೆ ಹತ್ತಿರದ ಕಂಪ್ಯೂಟರ್‌ಗಳನ್ನು ಜೋಡಿಸಿ ಆಡುವುದಕ್ಕೆ) ಅವಕಾಶವಿಲ್ಲವೆಂಬ ಸಂಗತಿ ಹೊರಬಿದ್ದದ್ದು 2009ರಲ್ಲಿ, ಅಂದರೆ ಘೋಷಣೆಯಾಗಿ ಎರಡು ವರ್ಷಗಳ ಮೇಲೆ. ಆದ್ದರಿಂದ ಬೀಟಾ ಪರೀಕ್ಷೆ (ಬಿಡುಗಡೆಗೆ ಮುಂಚಿನ ಪ್ರಯೋಗ) ತೆರೆಯುವವರೆಗೆ ಕಾಯಿರಿ, ಸಿಕ್ಕರೆ ನೀವೇ ಹತ್ತು ಪಂದ್ಯ ಆಡಿ. ಅಷ್ಟರವರೆಗೆ ಕೈ ತುರಿಸಿದರೆ 2017ರ ‘ಸ್ಟಾರ್‌ಕ್ರಾಫ್ಟ್: ರಿಮಾಸ್ಟರ್ಡ್’ ಇದೆ. ಅದರಲ್ಲಿ ನಿಯಮಗಳೂ ಹನ್ನೆರಡರ ಮಿತಿಯೂ ಹಾಗೆಯೇ ಉಳಿದಿವೆ, ಎಫ್5 ಕೀಲಿ ಒತ್ತಿದರೆ 1998ರ ಚಿತ್ರಗಳೇ ತೆರೆಯ ಮೇಲೆ ಮರಳುತ್ತವೆ.