ಟ್ರಿಪ್‌ಗೆ ಬಂದರೂ ತಲೆಯಿಂದ ಟೆನ್ಶನ್ ಇಳಿಯದಿದ್ದರೆ, ಹಳೇಬೀಡಿನ ಆನೆಸಾಲಿನ ಮುಂದೆ ಕೂತು ನೋಡಿ

ನೀವು ಕೇಳಿರುವುದು ಇಷ್ಟು: ಮನೆಯವರು, ಮಕ್ಕಳ ಜೊತೆ ಎರಡು ದಿನ ಹಾಸನ, ಚಿಕ್ಕಮಗಳೂರು ಕಡೆ ಬರುತ್ತಿದ್ದೀರಿ. ಆದರೆ ಎಲ್ಲಿಗೆ ಹೋದರೂ ಆಫೀಸು, ಇಎಂಐ, ಸ್ಕೂಲ್ ಫೀಸು ತಲೆಯಲ್ಲೇ ಸುತ್ತುತ್ತಿರುತ್ತೆ. ಅದನ್ನು ಬಿಟ್ಟು ಆರಾಮಾಗಿ ಇರುವುದು ಹೇಗೆ?

ನಾನು ಹಾಸನದವನು. ನಿಮ್ಮ ಪ್ಲಾನ್ ನೋಡಿದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಸಕಲೇಶಪುರದ ಮಂಜರಾಬಾದ್ ಕೋಟೆ, ಎಲ್ಲಾ ಎರಡೇ ದಿನದಲ್ಲಿ! ದಯವಿಟ್ಟು ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಿ. ಇದು ಆಫೀಸಿನ ಕೆಲಸದ ಪಟ್ಟಿ ಇದ್ದ ಹಾಗೇ ಇದೆ. ಇಲ್ಲಿಗೆ ಬಂದೂ ಟೈಮ್ ನೋಡಿಕೊಂಡು ಓಡುವುದಾದರೆ ತಲೆ ಹಗುರ ಆಗುವುದು ಹೇಗೆ ಹೇಳಿ?

ಕೆಲವು ವರ್ಷದ ಹಿಂದೆ ಅಮ್ಮನನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಆಗ ನನಗೆ ಕೆಲಸ ಹೋಗುವ ಭಯ ಇತ್ತು. ಗುಡಿ ಮುಂದೆ ನಿಂತರೂ ಫೋನ್ ಕಿವಿಯಲ್ಲೇ. ಅಮ್ಮ ಗೋಡೆ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೂಗಿದರು: "ಬಾರೋ ಮಗ, ಇಲ್ನೋಡು. ಈ ಆನೆ ಇದ್ದಂಗೆ ಆ ಆನೆ ಇಲ್ಲ."

ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗಿನ ಸಾಲು ಪೂರ್ತಿ ಆನೆಗಳು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಚಿಕ್ಕಂದಿನಿಂದ ಎಷ್ಟೋ ಸಲ ಹೋದ ಜಾಗ ಅದು. ಆದರೂ ಒಂದು ಆನೆಯನ್ನೂ ಸರಿಯಾಗಿ ನೋಡಿರಲಿಲ್ಲ. ಅಮ್ಮನ ಪಕ್ಕ ಕೂತೆ. ಒಂದರ ಸೊಂಡಿಲು ಒಳಕ್ಕೆ ಸುತ್ತಿತ್ತು, ಇನ್ನೊಂದರದ್ದು ನೆಲಕ್ಕೆ ಇಳಿಬಿದ್ದಿತ್ತು. ಅದು ಬಳಪದ ಕಲ್ಲು. ಹೊಸದಾಗಿ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯ ಆಗಿದ್ದು. ಸುಮಾರು 900 ವರ್ಷದ ಹಿಂದೆ ಯಾರೋ ಒಬ್ಬರು ಹೀಗೇ ಕಣ್ಣಿಟ್ಟು ಉಳಿ ಹಿಡಿದಿದ್ದರಲ್ಲ ಅನ್ನಿಸಿ ಮೈ ಜುಮ್ಮೆಂದಿತು.

ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಭಯ ಏನೂ ಓಡಿಹೋಗಲಿಲ್ಲ, ಮನೆಗೆ ಬಂದಾಗ ಅದೂ ಇತ್ತು. ಆದರೆ ಎಷ್ಟೋ ದಿನದ ಮೇಲೆ ಆ ರಾತ್ರಿ ಕಣ್ತುಂಬಾ ನಿದ್ದೆ ಬಂತು.

ಹಾಗಾಗಿ ಚಿಂತೆ ಮರೆಯಬೇಕು ಅಂತ ಹೊರಡಬೇಡಿ. ಹೊರಟರೆ ಅದೇ ಜಾಸ್ತಿ ನೆನಪಾಗುತ್ತೆ, ಅಲ್ವಾ? ಕಣ್ಣಿಗೆ ಒಂದು ಕೆಲಸ ಕೊಡಿ. ಒಂದೇ ಥರ ಇರುವ ಎರಡು ಆನೆ ಹುಡುಕಿ ಅಂತ ಮಕ್ಕಳಿಗೆ ಹೇಳಿ, ನೀವೂ ಜೊತೆಗೆ ಕೂತು ಹುಡುಕಿ. ಬೆಳಗ್ಗೆಯೇ ಹೋಗಿ. ಬರಿಗಾಲಲ್ಲಿ ನಡೆಯಬೇಕು, ಮಧ್ಯಾಹ್ನ ಕಲ್ಲು ಸುಡುತ್ತೆ.

ಫೋನ್ ಪೂರ್ತಿ ಆಫ್ ಮಾಡಬೇಡಿ, ಅದೇ ಇನ್ನೊಂದು ಟೆನ್ಶನ್. ಸಂಜೆ ಒಂದು ಸಲ ನೋಡುತ್ತೇನೆ ಅಂತ ಆಫೀಸಿನಲ್ಲಿ ಒಬ್ಬರಿಗೆ ಹೇಳಿ ಬನ್ನಿ, ಸಾಕು.

ಹಳೇಬೀಡಿನಿಂದ, ಚಿಕ್ಕಮಗಳೂರು-ಜಾವಗಲ್ ರಸ್ತೆಯಲ್ಲಿರುವ ಬೆಳವಾಡಿಯ ವೀರನಾರಾಯಣ ಗುಡಿಗೆ ಹೋಗಿ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಬೆಳವಾಡಿ ಅದರಲ್ಲಿಲ್ಲ, ಅಷ್ಟು ನೂಕುನುಗ್ಗಲೂ ಇಲ್ಲ. ಮುಖ ಕಾಣುವಷ್ಟು ನುಣುಪಾದ ಕಂಬಗಳ ನಡುವೆ ತಣ್ಣನೆ ಕಲ್ಲಿನ ಮೇಲೆ ಸುಮ್ನೆ ಕೂತಿರಿ. ಫೋಟೋ ಆಮೇಲೆ.

ಎರಡನೇ ದಿನಕ್ಕೆ ಮುಳ್ಳಯ್ಯನಗಿರಿ ಒಂದೇ ಸಾಕು. 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ. ಮಂಜು ಕವಿದು ಏನೂ ಕಾಣದಿದ್ದರೆ ತಕ್ಷಣ ಇಳಿಯಬೇಡಿ. ಗಾಳಿ ಬೀಸಿದಾಗ ಮಂಜು ಸರಿದು, ಕೆಳಗಿನ ಬೆಟ್ಟಸಾಲು ಒಂದು ಗಳಿಗೆ ಕಂಡು ಮತ್ತೆ ಮುಚ್ಚಿಕೊಳ್ಳುತ್ತೆ. ಮಕ್ಕಳಿಗೆ ಸ್ವೆಟರ್ ಮರೀಬೇಡಿ.

ಅವರಿಗೆ ಒಂದೇ ಥರದ ಎರಡು ಆನೆ ಸಿಕ್ಕರೆ ಖಂಡಿತ ಬಂದು ಹೇಳಿ. ಅಮ್ಮನಿಗೆ ತಿಳಿಸಬೇಕು.