ಅಪ್ಪನಿಗೆ ನೋವು ತಂದ ‘ಕೊರತೆ’

ಕೊಡಗಿನ ನಾಪೋಕ್ಲು ಕಡೆಯ ಯುವ ಓದುಗರೊಬ್ಬರು ಬರೆದಿದ್ದಾರೆ: “ಬ್ಯಾಂಕಿಗೆ ಕೊಡಲು ತೋಟದ ಲೆಕ್ಕ ಬರೆಯುತ್ತಿದ್ದೆ. ಕೊನೆಯಲ್ಲಿ ‘ಈ ವರ್ಷದ ಕೊರತೆ’ ಎಂದು ಬರೆದೆ. ಅಪ್ಪ ಅದನ್ನು ಓದಿ, ‘ನಾನು ಈ ಮನೆಯಲ್ಲಿ ಯಾರಿಗೆ ಏನು ಕೊರತೆ ಮಾಡಿದ್ದೇನೆ?’ ಎಂದು ಎದ್ದು ಹೋದರು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈ ಪದ ಎಲ್ಲಿಂದ ಬಂತು? ಕೊರತೆ ಅಂದರೆ ನಷ್ಟವೇ, ಸಾಲವೇ?”

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಪ್ಪ ಸುಮ್ನೆ ಮುನಿಸಿಕೊಂಡಿಲ್ಲ. ಮದುವೆಗೆ ಬಂದವರನ್ನು ‘ಊಟ ಉಪಚಾರಕ್ಕೆ ಏನೂ ಕೊರತೆ ಆಗಲಿಲ್ಲ ಅಲ್ವಾ?’ ಎಂದು ಕೇಳುತ್ತೇವೆ. ಮಗಳನ್ನು ಕಳಿಸಿಕೊಡುವಾಗ ‘ಅವಳಿಗೆ ಕೊರತೆ ಆಗದಂತೆ ನೋಡಿಕೊಳ್ಳಿ’ ಎನ್ನುತ್ತೇವೆ. ಮಾಡಬೇಕಾದವರು ಮಾಡದೆ ಬಿಟ್ಟರೆ ಅದು ಕೊರತೆ. ಅಪ್ಪ ಈ ಪದವನ್ನು ಕೇಳುತ್ತಾ ಬೆಳೆದದ್ದು ಹೀಗೆ. ನಿಮ್ಮ ಲೆಕ್ಕದಲ್ಲಿ ಅವರಿಗೆ ತಮ್ಮ ಮೇಲಿನ ದೂರು ಕಂಡಿದೆ.

ಇನ್ನೂ ಒಂದು ವಿಷಯವಿದೆ. ನಮ್ಮ ಹಿರಿಯರು ‘ಇಲ್ಲ’, ‘ಕಡಿಮೆ’ ಎಂಬ ಮಾತನ್ನೇ ಆದಷ್ಟು ಬಾಯಿಗೆ ತರುತ್ತಿರಲಿಲ್ಲ. ಬಳೆ ಒಡೆದರೆ ‘ಹೆಚ್ಚಿತು’ ಎನ್ನುತ್ತಿದ್ದರು. ಕಣದಲ್ಲಿ ಭತ್ತ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡುತ್ತಿದ್ದರು. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗದ್ದೆಯಲ್ಲಿ ಕೂಗುವುದು ‘ಪೊಲಿ ಪೊಲಿ ದೇವಾ’ ಎಂದು. ಹೆಚ್ಚಲಿ, ಹೆಚ್ಚಲಿ ಎಂಬ ಬೇಡಿಕೆ ಅದು. ವರ್ಷ ವರ್ಷ ಆ ಕೂಗು ಕೇಳಿದವರಿಗೆ ಮನೆಯ ಪುಸ್ತಕದಲ್ಲಿ ಕೊರತೆ ಎಂದು ಬರೆದದ್ದು ಹೇಗೆ ಹಿಡಿಸೀತು?

ಈಗ ಪದದ ಹುಟ್ಟು. ಕೊರತೆ ಅಚ್ಚ ಕನ್ನಡದ್ದು. ಹಳಗನ್ನಡದಲ್ಲಿ, ನಾವು ಈಗ ಬಿಟ್ಟಿರುವ ‘ಱ’ ಹಾಕಿ, ‘ಕೊಱತೆ’ ಎಂದು ಬರೆಯುತ್ತಿದ್ದರು. ಮೂಲ ‘ಕೊಱೆ’, ಅಂದರೆ ಊನ, ಕಡಿಮೆ. ತಮಿಳಿನ ‘ಕುಱೈ’, ಮಲಯಾಳದ ‘ಕುಱವು’, ತೆಲುಗಿನ ‘ಕೊರತ’ ಇದರ ಒಡಹುಟ್ಟುಗಳು. ಗಿಡ್ಡ ಎಂಬ ಅರ್ಥದ ‘ಕುಱು’ ಕೂಡ ಇದೇ ಬಳಗದ್ದು. ಹಗ್ಗ ಒಂದು ಮೊಳ ಗಿಡ್ಡ ಬಿತ್ತು ಅನ್ನುತ್ತೇವಲ್ಲ, ಅದೇ ಭಾವ. ನಡೆಯಿಂದ ನಡತೆ, ಅಳೆಯಿಂದ ಅಳತೆ ಆದ ಹಾಗೆ ಕೊರೆಯಿಂದ ಕೊರತೆ. ಅಳತೆ, ಕೊರತೆ ಎರಡೂ ಒಂದೇ ಅಚ್ಚಿನಲ್ಲಿ ಬಂದಿರುವುದು ನನಗೆ ತುಂಬ ಇಷ್ಟ. ಅಳೆಯದೆ ಕೊರತೆ ಗೊತ್ತಾಗುವುದೇ ಇಲ್ಲ.

ಕೊರತೆಗೆ ಬ್ಯಾಂಕಿನವರು ಹೇಳುವ ‘ಡೆಫಿಸಿಟ್’ ಲ್ಯಾಟಿನ್ನಿನ ಒಂದು ಕ್ರಿಯಾಪದ. ‘ಕಡಿಮೆ ಬೀಳುತ್ತದೆ’ ಎಂದು ಅರ್ಥ. ಫ್ರಾನ್ಸಿನಲ್ಲಿ ವಸ್ತುಗಳ ಪಟ್ಟಿ ಮಾಡುವಾಗ, ಇರಬೇಕಾಗಿದ್ದು ಸಿಗದ ವಸ್ತುವಿಗೆ ಈ ಪದ ಬರೆಯುತ್ತಿದ್ದರು. ಅಲ್ಲಿಂದ ಅದು ದೊರೆಯ ಖಜಾನೆಗೆ ಬಂತು. 1781ರಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ನೆಕ್ಕರ್ ಪ್ರಕಟಿಸಿದ ಲೆಕ್ಕ ಮಿಗತೆ ತೋರಿಸಿತ್ತು. 1787ರಲ್ಲಿ ಅದೇ ಹೊಣೆ ಹೊತ್ತಿದ್ದ ಕಲೋನ್, ದೊಡ್ಡ ಕೊರತೆ ಇದೆ ಎಂದ. ಇದಕ್ಕೆ ರಾಣಿಯ ದುಂದೇ ಕಾರಣ ಎಂದು ಜನ ರಾಣಿ ಮರಿ ಆಂಟೊನೆಟ್‌ಗೆ ‘ಮೇಡಂ ಡೆಫಿಸಿಟ್’ ಎಂದೇ ಹೆಸರಿಟ್ಟರು. ಲೆಕ್ಕದ ಪದ ಒಬ್ಬರ ಮೇಲೆ ದೂರಾಗಿ ಬಿದ್ದದ್ದು ನಿಮ್ಮ ಮನೆಯಲ್ಲೇ ಮೊದಲಲ್ಲ.

ನಷ್ಟ, ಸಾಲಗಳ ಪ್ರಶ್ನೆಗೆ ನಿಮ್ಮ ತೋಟವನ್ನೇ ತಗೊಳ್ಳೋಣ. ಕಾಫಿ ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಮಾರಿದ ಮೇಲೆ ಹಣ. ವರ್ಷಕ್ಕೊಮ್ಮೆ. ಖರ್ಚು ಮಾತ್ರ ವರ್ಷವಿಡೀ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್, ಮಳೆಗಾಲಕ್ಕೆ ಮೊದಲು ರೋಗ ತಡೆಯಲು ಬೋರ್ಡೋ ದ್ರಾವಣ, ಆಮೇಲೆ ಗೊಬ್ಬರ, ಕಳೆ, ಮರ ಕಪಾತು, ವಾರವಾರದ ಬಟವಾಡೆ. ಖರ್ಚು 8 ಲಕ್ಷ, ಬಂದದ್ದು 6.5 ಲಕ್ಷ ಎಂದಿಟ್ಟುಕೊಳ್ಳಿ. ನಡುವಿನ 1.5 ಲಕ್ಷ ಆ ವರ್ಷದ ಕೊರತೆ. ಅದನ್ನು ತುಂಬಲು ತಂದದ್ದು ಸಾಲ. ತೀರಿಸುವ ತನಕ ಸಾಲ ಉಳಿದಿರುತ್ತದೆ. ಕೊರತೆಯನ್ನು ಪ್ರತಿ ವರ್ಷ ಹೊಸದಾಗಿ ಎಣಿಸಬೇಕು. ಇನ್ನು ಆ 8 ಲಕ್ಷದಲ್ಲಿ 3 ಲಕ್ಷ ಹೊಸ ಕಣಕ್ಕೋ ಕೆರೆಗೋ ಹೋಗಿದ್ದರೆ, ಅದು ಮುಂದೆಯೂ ಇರುವ ಆಸ್ತಿ. ಕೊರತೆ ಇದೆ, ಆದರೂ ತೋಟ ನಷ್ಟದಲ್ಲಿಲ್ಲ.

ಸರ್ಕಾರದಲ್ಲೂ ಹೀಗೆಯೇ. ನಿತ್ಯದ ಖರ್ಚಿಗೇ ವರಮಾನ ಸಾಲದಿದ್ದರೆ ರಾಜಸ್ವ ಕೊರತೆ. ಸಾಲ ಬಿಟ್ಟು ಬಂದ ಹಣವನ್ನು ಒಟ್ಟು ಖರ್ಚಿನಿಂದ ಕಳೆದರೆ ಸಿಗುವುದು ವಿತ್ತೀಯ ಕೊರತೆ. ಕರ್ನಾಟಕ 2002ರಲ್ಲೇ ಕಾಯ್ದೆ ಮಾಡಿ, ಇದು ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇರಬೇಕೆಂದು ಗೆರೆ ಹಾಕಿಕೊಂಡಿತು.

ಪತ್ರಿಕೆಗಳಲ್ಲಿ ‘ಖೋತಾ ಬಜೆಟ್’ ಎಂದೂ ನೋಡಿರುತ್ತೀರಿ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಸಂಬಳ ಖೋತಾ ಎಂದರೆ ಯಾರೋ ಕಡಿದದ್ದು. ನಿಮ್ಮ ತೋಟದ ಹಣವನ್ನು ಯಾರೂ ಕಡಿದಿಲ್ಲ. ಖೋಟಾ ನೋಟಿನ ‘ಖೋಟಾ’ ಜೊತೆ ಗೊಂದಲ ಬೇರೆ.

ಹಾಗಾಗಿ ನೀವು ಬರೆದ ಪದ ಸರಿಯಾಗಿಯೇ ಇದೆ, ಅಳಿಸಬೇಡಿ. ಅದರ ಪಕ್ಕ ಯಾವುದಕ್ಕೆ ಎಷ್ಟು ಕಡಿಮೆ ಬಿತ್ತು ಎಂದು ಬಿಡಿಸಿ ಬರೆಯಿರಿ. ಡೀಸೆಲ್‌ಗೆ ಇಷ್ಟು, ಗೊಬ್ಬರಕ್ಕೆ ಇಷ್ಟು ಅಂತ. ಬರೆಯುವಾಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ವರ್ಷ ಹೂಮಳೆ ತಪ್ಪಿತು, ಯಾವ ವರ್ಷ ಬೆಲೆ ಬಿತ್ತು ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಇಂಥ ವರ್ಷಕ್ಕೆ ಅವರ ಕಾಲದಲ್ಲಿ ಬೇರೆ ಮಾತು ಇತ್ತಾ ಎಂದು ಕೇಳಿ, ಇದ್ದರೆ ನಮಗೂ ಬರೆದು ಕಳಿಸಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ.